ಭದ್ರಾವತಿ ಯಾವಾಗ ಹಳೆ ಹಾಡಿನ ಸ್ಟೇಷನ್ ಆಯ್ತು?

ತೀರ್ಥಹಳ್ಳಿಯಲ್ಲಿ ನನ್ನದೊಂದು ಸಣ್ಣ ರಿಪೇರಿ ಅಂಗಡಿ ಇದೆ. ಬೋರ್ಡಿನಲ್ಲಿ ರೇಡಿಯೋ ಎಂಬ ಅಕ್ಷರ ಇನ್ನೂ ಮಾಸದೆ ಉಳಿದಿದೆ. ಒಳಗೆ ಬರುವುದು ಮಾತ್ರ ಮಿಕ್ಸಿ, ಟಾರ್ಚು, ಎಮರ್ಜೆನ್ಸಿ ಲೈಟು, ತೋಟಕ್ಕೆ ಪ್ರಾಣಿ ಬಾರದಂತೆ ಹಾಕುವ ಕರೆಂಟ್ ಬೇಲಿಯ, ಅಂದರೆ ಐಬೆಕ್ಸ್ ಬೇಲಿಯ ಪೆಟ್ಟಿಗೆ. ರೇಡಿಯೋ ಬರುವುದು ತಿಂಗಳಿಗೆ ಎರಡೋ ಮೂರೋ. ಆದರೂ ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಮೇಜಿನ ಮೂಲೆಯ ಹಳೆ ಫಿಲಿಪ್ಸ್ ಸೆಟ್ ಹಾಕುತ್ತೇನೆ. ಅಪ್ಪನ ಕಾಲದ ಅಭ್ಯಾಸ. ಅದರ ಮುಳ್ಳು ಯಾವಾಗಲೂ ಭದ್ರಾವತಿ ಆಕಾಶವಾಣಿಯ ಮೇಲೇ ಇರುತ್ತದೆ.

ಅಂಗಡಿಗೆ ಬಂದು ಹತ್ತು ನಿಮಿಷ ನಿಂತವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. ಕಾಲೇಜು ಹುಡುಗರು ಕೇಳುತ್ತಾರೆ, ಬೆಂಗಳೂರಿನಿಂದ ಹಬ್ಬಕ್ಕೆ ಬಂದವರು ಕೇಳುತ್ತಾರೆ, ಕೊರಿಯರ್ ತಂದುಕೊಡುವ ಹುಡುಗನೂ ಕೇಳಿದ್ದಾನೆ.

"ಅಣ್ಣಾ, ಈ ಭದ್ರಾವತಿಯವರು ಯಾವಾಗಿಂದ ಹಳೆ ಹಾಡಿನ ಸ್ಟೇಷನ್ ಆದ್ರು?"

ಕೈಯಲ್ಲಿ ಬಿಸಿ ಸೋಲ್ಡರಿಂಗ್ ಐರನ್ ಹಿಡಿದುಕೊಂಡು ಇದಕ್ಕೆ ಪೂರ್ತಿ ಉತ್ತರ ಹೇಳೋಕಾಗಲ್ಲ. "ಮೊದಲಿಂದ್ಲೂ ಹಾಗೇ ಮಾರಾಯ" ಅಂದು ಸುಮ್ಮನಾಗುತ್ತೇನೆ. ಅದು ಸುಳ್ಳು. ಹಾಗಾಗಿ ಒಮ್ಮೆ ಕೂತು ಸರಿಯಾಗಿ ಬರೆದುಬಿಡೋಣ ಅನ್ನಿಸಿತು.

ಮೊದಲಿಗೆ, ಭದ್ರಾವತಿ ಆಕಾಶವಾಣಿ ಹಳೆ ಹಾಡಿನ ಸ್ಟೇಷನ್ ಅಲ್ಲವೇ ಅಲ್ಲ. ಅದರಲ್ಲಿ ವಾರ್ತೆ ಬರುತ್ತದೆ, ರೈತರ ಕಾರ್ಯಕ್ರಮ ಬರುತ್ತದೆ, ಶಾಸ್ತ್ರೀಯ ಸಂಗೀತ, ಭಾವಗೀತೆ, ನಾಟಕ, ಮಕ್ಕಳ ಕಾರ್ಯಕ್ರಮ ಎಲ್ಲ ಬರುತ್ತದೆ. ಅಡಿಕೆಗೆ ಕೊಳೆರೋಗ ಬಂದರೆ ಹೊಡೆಯುವ ಬೋರ್ಡೋ ದ್ರಾವಣ ಹೇಗೆ ಕಲೆಸಬೇಕು ಅಂತ ಹೇಳುತ್ತಾರೆ. ಚಿತ್ರಗೀತೆ ಇವೆಲ್ಲದರ ನಡುವೆ ಬರುವ ಒಂದು ಪಾಲು ಅಷ್ಟೆ. ನೀವು ನನ್ನ ಅಂಗಡಿಗೆ ಬಂದ ಹೊತ್ತಿಗೆ ಹಾಡು ಬರುತ್ತಿರುತ್ತದೆ, ನಿಮಗೆ ಅದೊಂದೇ ನೆನಪಿರುತ್ತದೆ. ಬೋರ್ಡೋ ವಿಷಯ ಬಂದಾಗ ನೀವು ಮೊಬೈಲ್ ನೋಡುತ್ತಿರುತ್ತೀರಿ.

ಇನ್ನು ಆ ಹಾಡುಗಳು ಹಳೆಯವು ಯಾವಾಗ ಆದವು? ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಆಕಾಶವಾಣಿ ಎಂಬ ಹೆಸರೇ ನಮ್ಮ ಮೈಸೂರಿನದು. 1935ರಲ್ಲಿ ಅಲ್ಲಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರು ಮಾಡಿದರು. ಆಮೇಲೆ ಆ ಹೆಸರನ್ನು ಇಡೀ ದೇಶದ ರೇಡಿಯೋ ತೆಗೆದುಕೊಂಡಿತು. ಧಾರವಾಡ ಕೇಂದ್ರ 1950ರಲ್ಲಿ ಶುರುವಾಯಿತು. 1955ರಲ್ಲಿ ಮೈಸೂರಿನ ಕೇಂದ್ರ ಬೆಂಗಳೂರಿಗೆ ಹೋಯಿತು. ಇವೆರಡು ಬಿಟ್ಟರೆ ಹತ್ತು ವರ್ಷ ನಮ್ಮ ರಾಜ್ಯದಲ್ಲಿ ಬೇರೆ ಕೇಂದ್ರ ಇರಲಿಲ್ಲ. ಮೂರನೆಯದು 1965ರಲ್ಲಿ ಭದ್ರಾವತಿಗೆ ಬಂತು. ಕಲಬುರಗಿಗೆ ಅದರ ಮರುವರ್ಷ. ಮಂಗಳೂರಿಗೆ 1976ರಲ್ಲಿ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬರುವ ಎಂಟು ವರ್ಷ ಮೊದಲೇ ಮಲೆನಾಡಿಗೆ ತನ್ನದೇ ರೇಡಿಯೋ ಇತ್ತು ಅಂತಾಯಿತು.

ಭದ್ರಾವತಿ ಆಗ ಕಾರ್ಖಾನೆ ಊರು. ಹಳೆ ಹೆಸರು ಬೆಂಕಿಪುರ. ವಿಶ್ವೇಶ್ವರಯ್ಯನವರ ಉಕ್ಕಿನ ಕಾರ್ಖಾನೆ ಒಂದು ಕಡೆ, ಕಾಗದದ ಕಾರ್ಖಾನೆ ಇನ್ನೊಂದು ಕಡೆ. ನಮ್ಮ ಮನೆಯಲ್ಲಿ ಭದ್ರಾವತಿ ಅಂದರೆ ಎರಡೇ ಅರ್ಥ ಇತ್ತು. ದೊಡ್ಡಪ್ಪ ಕೆಲಸಕ್ಕಿದ್ದ ಫ್ಯಾಕ್ಟರಿ, ಇಲ್ಲವೇ ಗೋಡೆಯ ಮೇಲಿನ ರೇಡಿಯೋ. ನಾನು ಆ ಊರನ್ನು ಕಣ್ಣಾರೆ ನೋಡಿದ್ದು ಹನ್ನೆರಡನೇ ವಯಸ್ಸಿನಲ್ಲಿ. ಊರು ಇಷ್ಟು ಹೊಗೆ ಇಟ್ಟುಕೊಂಡು ಅಷ್ಟು ಚಂದ ಹೇಗೆ ಹಾಡುತ್ತೆ ಅಂತ ಆಶ್ಚರ್ಯವಾಗಿತ್ತು.

1965ಕ್ಕಿಂತ ಮೊದಲು ಇಲ್ಲಿ ಜನ ಏನು ಕೇಳುತ್ತಿದ್ದರು? ಅಪ್ಪ ಹೇಳುತ್ತಿದ್ದ ಪ್ರಕಾರ ಹಗಲಿಗೆ ಧಾರವಾಡ, ಬೆಂಗಳೂರು ಸಣ್ಣಗೆ ಸಿಗುತ್ತಿದ್ದವು. ರಾತ್ರಿಗೆ ಶಾರ್ಟ್ ವೇವ್‌ನಲ್ಲಿ ರೇಡಿಯೋ ಸಿಲೋನ್, ಅಂದರೆ ಈಗಿನ ಶ್ರೀಲಂಕಾದ ರೇಡಿಯೋ. ಸಿಲೋನ್ ಯಾಕೆ ಅಂದರೆ ಅದಕ್ಕೊಂದು ಕಥೆ ಇದೆ. 1952ರಲ್ಲಿ ಬಿ.ವಿ. ಕೇಸ್ಕರ್ ಎಂಬವರು ವಾರ್ತಾ ಮಂತ್ರಿ ಆದರು. ಸಿನಿಮಾ ಹಾಡು ಕೇಳಿದರೆ ಜನರ ರುಚಿ ಕೆಡುತ್ತದೆ ಎಂಬುದು ಅವರ ಅಭಿಪ್ರಾಯ. ಆಕಾಶವಾಣಿಯಲ್ಲಿ ಚಿತ್ರಗೀತೆ ಹೆಚ್ಚು ಕಡಿಮೆ ನಿಂತೇಹೋಯಿತು. ಜನರೇನು ಸುಮ್ನೆ ಕೂರುತ್ತಾರಾ? ಮುಳ್ಳನ್ನು ಸಿಲೋನಿಗೆ ತಿರುಗಿಸಿದರು. ಅದೇ ವರ್ಷ ಅಲ್ಲಿಂದ ಅಮೀನ್ ಸಯಾನಿ ಹಿಂದಿ ಹಾಡುಗಳ ಪಟ್ಟಿ ಓದಲು ಶುರು ಮಾಡಿದರು. ಕನ್ನಡ ಹಾಡಿಗೂ ಅಲ್ಲಿ ಸ್ವಲ್ಪ ಹೊತ್ತು ಇತ್ತು. ನಮ್ಮ ಸಿನಿಮಾದ ಹಾಡು ಕೇಳಲು ಸಮುದ್ರದಾಚೆಯ ದೇಶವನ್ನು ಹುಡುಕಬೇಕಾದ ಪರಿಸ್ಥಿತಿ. ಐದು ವರ್ಷ ಹೀಗೇ ಹೋದಮೇಲೆ, 1957ರ ಅಕ್ಟೋಬರ್‌ನಲ್ಲಿ ವಿವಿಧ ಭಾರತಿ ಶುರು ಮಾಡಿ ಸರ್ಕಾರ ಸಿನಿಮಾ ಹಾಡನ್ನು ಮತ್ತೆ ಒಳಗೆ ಕರೆಯಿತು.

ಹಾಗಾಗಿ ಭದ್ರಾವತಿ ಬಾಯಿ ಬಿಡುವ ಹೊತ್ತಿಗೆ ಸಿನಿಮಾ ಹಾಡಿನ ಮೇಲಿನ ಸಿಟ್ಟು ತಣ್ಣಗಾಗಿತ್ತು. ಇನ್ನೊಂದು ವಿಷಯ ಗಮನಿಸಿ. 1965ರಲ್ಲಿ ಪಿ.ಬಿ. ಶ್ರೀನಿವಾಸ್ ಅವರಿಗೆ ಮೂವತ್ತೈದರ ಆಸುಪಾಸು. ರಾಜಕುಮಾರ್ ತೆರೆಯ ಮೇಲೆ ಬಾಯಿ ಆಡಿಸಿದರೆ ಹಿಂದೆ ಕೇಳುತ್ತಿದ್ದದ್ದು ಹೆಚ್ಚಾಗಿ ಅವರ ದನಿ. ಎಸ್. ಜಾನಕಿ, ಪಿ. ಸುಶೀಲಾ ಒಂದರ ಹಿಂದೆ ಒಂದು ಹಾಡುತ್ತಿದ್ದರು. ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ಟಿ.ಜಿ. ಲಿಂಗಪ್ಪ, ರಾಜನ್-ನಾಗೇಂದ್ರ ರಾಗ ಹಾಕುತ್ತಿದ್ದರು. ಭದ್ರಾವತಿ ಹಾಕುತ್ತಿದ್ದದ್ದು ಆ ತಿಂಗಳು, ಆ ವರ್ಷ ಬಂದ ಹೊಸ ಹಾಡು! ತೀರ್ಥಹಳ್ಳಿಗೆ ಸಿನಿಮಾ ಬರಲು ಎಷ್ಟೋ ತಿಂಗಳು ಹಿಡಿಯುತ್ತಿತ್ತು. ಹಾಡು ಮೊದಲೇ ಬಂದು ಬಾಯಿಪಾಠ ಆಗಿರುತ್ತಿತ್ತು. ಟೆಂಟಿಗೆ ಹೋದವರು ಹಾಡು ಬಂದ ಕೂಡಲೇ ತಾವೂ ಶುರು ಮಾಡುತ್ತಿದ್ದರಂತೆ.

ಅಂದರೆ ಹಳೆ ಹಾಡು ಹಾಕುತ್ತೇವೆ ಅಂತ ಅವರು ಒಂದು ದಿನ ತೀರ್ಮಾನ ಮಾಡಿದ್ದಲ್ಲ. ಹೊಸದಾಗಿದ್ದಾಗ ಹಾಕಿದ್ದನ್ನು ಬಿಡಲಿಲ್ಲ, ಅಷ್ಟೆ. ಆಕಾಶವಾಣಿ ಕೇಂದ್ರಗಳಲ್ಲಿ ಗ್ರಾಮಫೋನ್ ತಟ್ಟೆಗಳ ಭಂಡಾರ ಅಂತ ಇರುತ್ತದೆ. ಮೊದಲು ನಿಮಿಷಕ್ಕೆ 78 ಸುತ್ತು ಸುತ್ತುವ ಅರಗಿನ ತಟ್ಟೆ. ಬಿದ್ದರೆ ಹಪ್ಪಳ. ಆಮೇಲೆ 45 ಸುತ್ತಿನ ಸಣ್ಣ ತಟ್ಟೆ, 33 ಸುತ್ತಿನ ದೊಡ್ಡ ತಟ್ಟೆ, ಸ್ಪೂಲ್ ಟೇಪು. ಅಂಗಡಿಯವನಾದರೆ ಮಾರಾಟವಾಗದ ತಟ್ಟೆಯನ್ನು ಗುಜರಿಗೆ ಹಾಕುತ್ತಾನೆ. ಮನೆಯವರಾದರೆ ಅಟ್ಟಕ್ಕೆ ಎಸೆಯುತ್ತಾರೆ, ಅಲ್ಲಿ ಗೆದ್ದಲು ತಿನ್ನುತ್ತದೆ. ಸರ್ಕಾರಿ ಜಾಗದಲ್ಲಿ ಒಂದು ವಸ್ತುವಿಗೆ ನಂಬರು ಬಿತ್ತೆಂದರೆ ಅದನ್ನು ಎಸೆಯುವುದು ಸುಲಭವಲ್ಲ. ಸರ್ಕಾರಿ ಪದ್ಧತಿಯನ್ನು ನಾವೆಲ್ಲ ಬೈಯುತ್ತೇವೆ. ಈ ಒಂದು ವಿಷಯದಲ್ಲಿ ನಾನು ಬೈಯುವುದಿಲ್ಲ.

ಹಾಡಿಗೆ ಮೊದಲು ಚಿತ್ರದ ಹೆಸರು, ಬರೆದವರು, ರಾಗ ಹಾಕಿದವರು, ಹಾಡಿದವರು, ಇಷ್ಟನ್ನೂ ಹೇಳುವುದು ಆಕಾಶವಾಣಿಯ ಪದ್ಧತಿ. ಚಿ. ಉದಯಶಂಕರ್, ಆರ್.ಎನ್. ಜಯಗೋಪಾಲ್, ವಿಜಯನಾರಸಿಂಹ, ಕು.ರ. ಸೀತಾರಾಮಶಾಸ್ತ್ರಿ, ಹುಣಸೂರು ಕೃಷ್ಣಮೂರ್ತಿ ಎಂಬ ಹೆಸರುಗಳನ್ನು ನಮ್ಮಮ್ಮ ಪುಸ್ತಕದಲ್ಲಿ ಓದಿದವಳಲ್ಲ. ಅವಳು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಪಲ್ಲವಿ ಕೇಳಿದರೆ ಬರೆದವರ ಹೆಸರು ಹೇಳುತ್ತಿದ್ದಳು. ಈಗ ಮೊಬೈಲಿನಲ್ಲಿ ಹಾಡು ಹಾಕಿದರೆ ಹೀರೋ ಹೆಸರು ದೊಡ್ಡದಾಗಿ ಬರುತ್ತದೆ. ಬರೆದವರು ಯಾರು ಅಂತ ಹುಡುಕಬೇಕು.

ಈಗ ನನ್ನ ಕಸುಬಿನ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಭದ್ರಾವತಿ ಮೀಡಿಯಂ ವೇವ್‌ನಲ್ಲಿ 675 ಕಿಲೋಹರ್ಟ್ಜ್. ಹಳೆ ವಾಲ್ವ್ ಸೆಟ್ಟುಗಳ ಗಾಜಿನ ಮೇಲೆ ಮೀಟರ್ ಲೆಕ್ಕವೂ ಇರುತ್ತಿತ್ತು, ಆ ಲೆಕ್ಕದಲ್ಲಿ ಸುಮಾರು 444 ಮೀಟರ್. ಅದು ಅಲೆಯ ಉದ್ದ. ಒಂದು ಅಲೆ ಅಂದರೆ ಹೆಚ್ಚು ಕಡಿಮೆ ಅರ್ಧ ಕಿಲೋಮೀಟರ್! ಅಷ್ಟು ಉದ್ದದ ಅಲೆಗೆ ನಮ್ಮ ಗುಡ್ಡಗಳು ದೊಡ್ಡ ಅಡ್ಡಿಯೇ ಅಲ್ಲ. ಅದು ನೆಲಕ್ಕೆ ಅಂಟಿಕೊಂಡೇ ಬರುತ್ತದೆ. ಗುಡ್ಡ ಬಳಸಿ, ಕಣಿವೆಗೆ ಇಳಿದು, ತೋಟದ ತಗ್ಗಿನಲ್ಲಿರುವ ಮನೆಗೂ ಮುಟ್ಟುತ್ತದೆ. ಭದ್ರಾವತಿಯಿಂದ ತೀರ್ಥಹಳ್ಳಿಗೆ ಹಕ್ಕಿ ಹಾರಿದ ಹಾಗೆ ಲೆಕ್ಕ ಹಾಕಿದರೆ ಐವತ್ತು ಕಿಲೋಮೀಟರ್ ಆಸುಪಾಸು. ಮಧ್ಯೆ ಎಷ್ಟು ಗುಡ್ಡ ಇದೆ ಅಂತ ಬಸ್ಸಿನಲ್ಲಿ ಬಂದವರಿಗೆ ಗೊತ್ತು. ಭದ್ರಾವತಿಯ ಮೀಡಿಯಂ ವೇವ್ ಟ್ರಾನ್ಸ್‌ಮಿಟರ್ 20 ಕಿಲೋವ್ಯಾಟಿನದು. ಬೆಂಗಳೂರು, ಧಾರವಾಡದ 200 ಕಿಲೋವ್ಯಾಟಿನ ಎದುರು ಅದು ಮರಿ. ಹತ್ತಿರದ ಮರಿ ಅನ್ನುವುದಕ್ಕೇ ನಮಗೆ ಅದು ಅಷ್ಟು ಚೆನ್ನಾಗಿ ಕೇಳಿಸುತ್ತಿತ್ತು.

ಅದೇ ಭದ್ರಾವತಿ ಎಫ್ಎಂನಲ್ಲಿ 103.5 ಮೆಗಾಹರ್ಟ್ಜ್. ಆ ಅಲೆ ಮೂರು ಮೀಟರಿಗೂ ಚಿಕ್ಕದು. ಅದರ ಸದ್ದು ಶುದ್ಧ, ಗೊರಗೊರ ಇಲ್ಲ. ಆದರೆ ನೇರ ಹೋಗುವ ಸ್ವಭಾವ. ಗುಡ್ಡ ಅಡ್ಡ ಬಂತೋ, ಮುಗಿಯಿತು. ಗಿರಾಕಿಗಳಿಗೆ ನಾನು ಹೀಗೆ ಹೇಳುತ್ತೇನೆ. ಮೀಡಿಯಂ ವೇವ್ ನೀರಿನ ಹಾಗೆ, ತಗ್ಗಿಗೂ ಹರಿಯುತ್ತದೆ. ಎಫ್ಎಂ ಬಿಸಿಲಿನ ಹಾಗೆ, ಗುಡ್ಡದ ಹಿಂದೆ ನೆರಳು.

ಕೆಲವು ವರ್ಷದ ಹಿಂದೆ ಒಬ್ಬ ಅಜ್ಜಿ ಹೊಸ ರೇಡಿಯೋ ಹಿಡಿದುಕೊಂಡು ಬಂದರು. ಮಗ ಪೇಟೆಯಿಂದ ತಂದುಕೊಟ್ಟದ್ದು. ಎಫ್ಎಂ ಮಾತ್ರ ಇರುವ ಸೆಟ್.

"ಎಂಥದಿದು, ಹೊಸದೇ ಕೆಟ್ಟು ಹೋಗಿದೆ. ಅಂಗಡೀಲಿ ಹಾಡಿತ್ತಂತೆ. ಮನೇಲಿ ಬರೀ ಶ್ಶ್ ಅಂತದೆ."

ನಾನು ಅಲ್ಲೇ ಹಾಕಿದೆ. ಪೇಟೆಯಲ್ಲಿ ಅದು ಹಾಡಿತು. ಅಜ್ಜಿ ನನ್ನನ್ನೇ ಸಂಶಯದಿಂದ ನೋಡಿದರು. ಮನೆ ಎಲ್ಲಿ ಅಂತ ಕೇಳಿದೆ. ಆಗುಂಬೆ ಕಡೆ, ಗುಡ್ಡದ ಬುಡದಲ್ಲಿ ಒಂಟಿ ಮನೆ. "ಅಜ್ಜೀ, ಇದು ಕೆಟ್ಟಿಲ್ಲ. ನಿಮ್ಮ ಮನೆ ಹಿಂದಿನ ಗುಡ್ಡ ಹತ್ತಿ ಹಾಕಿ, ಬರುತ್ತೆ" ಅಂದೆ. "ಹಾಡು ಕೇಳೋಕೆ ಗುಡ್ಡ ಹತ್ತಬೇಕನಾ? ನನಗೆ ಎಂಬತ್ತು ವರ್ಷ" ಅಂದರು. ಹಳೆಯ ಎರಡು ಬ್ಯಾಂಡಿನ ಸೆಟ್ ಒಂದು ನನ್ನ ಹತ್ತಿರ ಬಿದ್ದಿತ್ತು. ವಾಲ್ಯೂಮ್ ಕಂಟ್ರೋಲ್ ಬದಲಿಸಿ ಅದನ್ನು ಕೊಟ್ಟೆ. ಅವರು ಹೊಸ ಸೆಟ್ಟನ್ನು ನನಗೇ ಬಿಟ್ಟುಹೋದರು. ಅದು ಇನ್ನೂ ಕಪಾಟಿನಲ್ಲಿದೆ.

ಈ ಒಂಟಿ ಮನೆ ಎಂಬುದು ಮುಖ್ಯ. ಬಯಲುಸೀಮೆಯಲ್ಲಿ ಊರು ಅಂದರೆ ಮನೆಗಳ ಗುಂಪು. ಪಂಚಾಯಿತಿ ಕಟ್ಟಡದ ಮೇಲೆ ಒಂದು ರೇಡಿಯೋ ಇಟ್ಟು ಸ್ಪೀಕರ್ ಕಟ್ಟಿದರೆ ಇಡೀ ಊರು ಕೇಳುತ್ತದೆ. ಮಲೆನಾಡಿನಲ್ಲಿ ಮನೆಗೂ ಮನೆಗೂ ಒಂದು ಗದ್ದೆ ಬಯಲು, ಒಂದು ಹಳ್ಳ, ಒಂದು ಕಾನು. ಪಂಚಾಯಿತಿ ರೇಡಿಯೋ ಇಲ್ಲಿ ಕೇಳಿಸುತ್ತಿದ್ದದ್ದು ಕಟ್ಟೆಯ ಮೇಲೆ ಮಲಗಿದ ನಾಯಿಗೆ ಮಾತ್ರ. ಪ್ರತಿ ಮನೆಗೂ ಅದರದೇ ರೇಡಿಯೋ ಬೇಕು. ಕರೆಂಟ್ ಇಲ್ಲದ ಕಾಲದಲ್ಲಿ ವಾಲ್ವ್ ಸೆಟ್ಟಿಗೆ 90 ವೋಲ್ಟಿನ ಬ್ಯಾಟರಿ ಬೇಕಿತ್ತು. ಇಟ್ಟಿಗೆಗಿಂತ ದೊಡ್ಡದು, ದುಬಾರಿ. ಉಳ್ಳವರ ಮನೆಯ ಚಾವಡಿಯಲ್ಲಿ ಮಾತ್ರ ಅದು. ಟ್ರಾನ್ಸಿಸ್ಟರ್ ಬಂದು, ನಾಲ್ಕು ಟಾರ್ಚ್ ಸೆಲ್ಲಿನಲ್ಲಿ ತಿಂಗಳುಗಟ್ಟಲೆ ಓಡತೊಡಗಿದ ಮೇಲೆಯೇ ರೇಡಿಯೋ ಕೂಲಿಯವರ ಬಿಡಾರಕ್ಕೂ ಹೋಯಿತು. ಭದ್ರಾವತಿ ಕೇಂದ್ರ ಶುರುವಾದದ್ದೂ ಟ್ರಾನ್ಸಿಸ್ಟರ್ ಅಗ್ಗವಾಗತೊಡಗಿದ್ದೂ ಹೆಚ್ಚು ಕಡಿಮೆ ಒಂದೇ ಕಾಲ. ಅಪ್ಪ ಅಂಗಡಿ ಇಟ್ಟದ್ದೂ ಆಗಲೇ.

ಆಗ ರೇಡಿಯೋ ಇಡಲು ಲೈಸೆನ್ಸ್ ಬೇಕಿತ್ತು ಅಂದರೆ ಈಗಿನ ಹುಡುಗರು ನಗುತ್ತಾರೆ. ಪೋಸ್ಟಾಫೀಸಿನಲ್ಲಿ ಪುಸ್ತಕ ಮಾಡಿಸಿ ವರ್ಷ ವರ್ಷ ದುಡ್ಡು ಕಟ್ಟಬೇಕು. ದೊಡ್ಡ ಸೆಟ್ಟಿಗೆ ಹದಿನೈದು ರೂಪಾಯಿ. 1980ರ ದಶಕದ ಮಧ್ಯದಲ್ಲಿ ಅದು ರದ್ದಾಯಿತು. ಲೈಸೆನ್ಸ್ ಇಲ್ಲದವರು ತಪಾಸಣೆಗೆ ಯಾರೋ ಬರುತ್ತಾರಂತೆ ಅಂತ ಸುದ್ದಿ ಬಂದ ಕೂಡಲೇ ಸೆಟ್ಟನ್ನು ರಿಪೇರಿಗೆ ಅಂತ ನಮ್ಮ ಅಂಗಡಿಗೆ ತಂದಿಡುತ್ತಿದ್ದರು. ಕೆಡದ ರೇಡಿಯೋಗಳೇ ಹತ್ತು ಹನ್ನೆರಡು ಸಾಲಾಗಿ ಕೂತಿರುತ್ತಿದ್ದವು.

ಮಲೆನಾಡಿನ ರೇಡಿಯೋಗಳು ಕೆಡುವ ರೀತಿಯೇ ಬೇರೆ. ಜೂನ್ ಬಂತೆಂದರೆ ಥಂಡಿ ಹಿಡಿದು ಬ್ಯಾಂಡ್ ಸ್ವಿಚ್ ಕಿಲುಬು ಹಿಡಿಯುತ್ತದೆ. ಸ್ಪೀಕರಿನ ಕಾಗದಕ್ಕೆ ಬೂಸರು. ಒಳಗೆ ಜಿರಳೆ ಸಂಸಾರ. ಡಯಲ್ ದಾರವನ್ನು ಇಲಿ ಕಡಿದಿರುತ್ತದೆ. ಅದಕ್ಕೇ ತಿಳಿದವರು ರೇಡಿಯೋವನ್ನು ಅಡುಗೆಮನೆಯ ಒಲೆಯ ಹತ್ತಿರದ ಗೂಡಿನಲ್ಲಿ ಇಡುತ್ತಿದ್ದರು. ಹೊಗೆಗೆ ಕಪ್ಪಾಗುತ್ತಿತ್ತು, ಆದರೆ ಕೆಡುತ್ತಿರಲಿಲ್ಲ. ಇನ್ನೊಂದು ತಮಾಷೆ ನಾನು ಎಷ್ಟೋ ಸೆಟ್‌ಗಳಲ್ಲಿ ನೋಡಿದ್ದೇನೆ. ವಾಲ್ಯೂಮ್ ಕಂಟ್ರೋಲ್ ಪೂರ್ತಿ ಸವೆದಿರುತ್ತದೆ, ಸ್ಟೇಷನ್ ತಿರುಗಿಸುವ ಗುಂಡಿ ಹೊಸದರ ಹಾಗಿರುತ್ತದೆ. ಯಾಕೆಂದರೆ ಯಾರೂ ತಿರುಗಿಸಿಲ್ಲ. ಮುಳ್ಳು ಭದ್ರಾವತಿಯಲ್ಲೇ ನಿಂತು, ಅದರ ಹಿಂದಿನ ಹಲಗೆಯಲ್ಲಿ ಸಣ್ಣ ಗೀರು ಬಿದ್ದಿರುತ್ತದೆ. ದಾರ ಬದಲಿಸಿದ ಮೇಲೆ ಆ ಗೀರಿಗೇ ಸರಿಯಾಗಿ ಮುಳ್ಳು ಕೂರಿಸಿ ಕೊಡುವುದು ನಮ್ಮ ಅಂಗಡಿಯ ನಿಯಮ.

ಅಡಿಕೆ ಸುಲಿಯುವ ಕಾಲದಲ್ಲಿ ರೇಡಿಯೋಗೆ ಬಿಡುವೇ ಇರಲಿಲ್ಲ. ಅಡಿಕೆ ಗೊನೆ ಇಳಿಸಿದ ದಿನ ರಾತ್ರಿ ಅಂಗಳದಲ್ಲಿ ಮೆಟ್ಟುಗತ್ತಿ ಇಟ್ಟುಕೊಂಡು ಹತ್ತು ಹದಿನೈದು ಜನ ಕೂರುತ್ತಾರೆ. ಡಬ್ಬಕ್ಕೆ ಇಷ್ಟು ಅಂತ ಲೆಕ್ಕ. ಕೈ ತನ್ನ ಪಾಡಿಗೆ ನಡೆಯುತ್ತದೆ, ಕಿವಿಗೆ ಏನಾದರೂ ಬೇಕು. ಮಧ್ಯೆ ಒಂದು ಕಂಬಕ್ಕೆ ರೇಡಿಯೋ ತೂಗು ಹಾಕುತ್ತಿದ್ದರು. ಆದರೆ ಕತ್ತಲಾದ ಮೇಲೆ ಮೀಡಿಯಂ ವೇವ್ ಸ್ವಭಾವ ಬದಲಾಗುತ್ತದೆ. ಹಗಲಲ್ಲಿ ಆಕಾಶದ ಮೇಲಿನ ಒಂದು ಪದರ ಈ ಅಲೆಗಳನ್ನು ನುಂಗುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಇಲ್ಲವಾಗುತ್ತದೆ. ಆಗ ಅಲೆ ಇನ್ನೂ ಮೇಲಕ್ಕೆ ಹೋಗಿ, ಅಲ್ಲಿನ ಪದರಕ್ಕೆ ಬಡಿದು, ನೂರಾರು ಮೈಲಿ ದೂರದಲ್ಲಿ ಕೆಳಗಿಳಿಯುತ್ತದೆ. ಎಲ್ಲೆಲ್ಲಿಯದೋ ಸ್ಟೇಷನ್ ಬಂದು ಭದ್ರಾವತಿಯ ಮೇಲೆ ಹತ್ತಿ ಕೂರುತ್ತದೆ. ಹಾಡಿನ ಮಧ್ಯೆ ಕುಂಯ್ ಅಂತ ಸೀಟಿ, ಹಿಂದೆ ಯಾವುದೋ ಭಾಷೆಯ ಭಾಷಣ. ಆಗ ಯಾರಾದರೂ ಎದ್ದು ರೇಡಿಯೋ ಸ್ವಲ್ಪ ತಿರುಗಿಸಬೇಕು. ಒಳಗಿರುವ ಫೆರೈಟ್ ಕಡ್ಡಿಯೇ ಅದರ ಏರಿಯಲ್. ಕಡ್ಡಿಯ ತುದಿ ಯಾವ ದಿಕ್ಕಿಗೆ ಇದೆಯೋ ಆ ದಿಕ್ಕಿನ ಸ್ಟೇಷನ್ ಕ್ಷೀಣವಾಗುತ್ತದೆ. ಬೇಡದ ಸ್ಟೇಷನ್ನಿನ ಕಡೆ ತುದಿ ತೋರಿಸಿದರೆ ಅದು ತಣ್ಣಗಾಗುತ್ತದೆ. ಇದನ್ನು ಯಾರೂ ಪುಸ್ತಕದಲ್ಲಿ ಓದಿರಲಿಲ್ಲ. ಸುಲಿಯುವ ಹೆಂಗಸರಿಗೆಲ್ಲ ಗೊತ್ತಿತ್ತು. "ಹಳ್ಳದ ಕಡೆ ತಿರುಗ್ಸೇ" ಅಂತ ಕೂತಲ್ಲಿಂದಲೇ ಹೇಳುತ್ತಿದ್ದರು.

ಫ್ರೀಕ್ವೆನ್ಸಿ ವಿಷಯದಲ್ಲಿ ಇನ್ನೊಂದು ಸಣ್ಣ ಮಾತು ಹೇಳದಿದ್ದರೆ ನನಗೆ ನಿದ್ದೆ ಬರಲ್ಲ. ಬೆಂಗಳೂರು 612, ಭದ್ರಾವತಿ 675, ಧಾರವಾಡ 765, ಮಂಗಳೂರು 1089. ಎಲ್ಲವನ್ನೂ ಒಂಬತ್ತರಿಂದ ಭಾಗಿಸಿ ನೋಡಿ, ಶೇಷ ಉಳಿಯಲ್ಲ. ಸ್ಟೇಷನ್‌ಗಳ ಜಗಳ ಕಡಿಮೆಯಾಗಲಿ ಅಂತ ಅನೇಕ ದೇಶಗಳು ಸೇರಿ 1975ರಲ್ಲಿ ಒಪ್ಪಂದ ಮಾಡಿಕೊಂಡವು. ಪ್ರತಿ ಸ್ಟೇಷನ್ನಿನ ನಡುವೆ 9 ಕಿಲೋಹರ್ಟ್ಜ್ ಅಂತರ ಅಂತ. 1978ರ ನವೆಂಬರ್‌ನಲ್ಲಿ ಅದು ಜಾರಿಗೆ ಬಂತು. ನಮ್ಮ ಮಗ್ಗಿ ಪುಸ್ತಕ ಇದಕ್ಕಿಂತ ಒಳ್ಳೆ ಕಡೆ ಉಪಯೋಗವಾದದ್ದು ನಾನು ಕಂಡಿಲ್ಲ.

ಆ 9 ಕಿಲೋಹರ್ಟ್ಜ್‌ಗೂ ನಿಮ್ಮ ಪ್ರಶ್ನೆಗೂ ಸಂಬಂಧ ಇದೆ. ಜಾಗ ಅಷ್ಟು ಇಕ್ಕಟ್ಟಾದ್ದರಿಂದ ಮೀಡಿಯಂ ವೇವ್‌ನಲ್ಲಿ ತೀರಾ ಸಣ್ಣ ಚಿಲಿಪಿಲಿ ದನಿ ಬರುವುದಿಲ್ಲ. ಮೂರು ನಾಲ್ಕು ಇಂಚಿನ ಸ್ಪೀಕರಿನಿಂದ ತೀರಾ ದಪ್ಪ ದನಿಯೂ ಬರುವುದಿಲ್ಲ. ಉಳಿಯುವುದು ನಡುವಿನ ಪಾಲು. ಮನುಷ್ಯರ ಗಂಟಲು, ಕೊಳಲು, ಪಿಟೀಲು, ವೀಣೆ ಎಲ್ಲ ಇರುವುದು ಹೆಚ್ಚಾಗಿ ಅಲ್ಲೇ. ಐವತ್ತು, ಅರವತ್ತರ ದಶಕದ ಕನ್ನಡ ಹಾಡುಗಳನ್ನು ಹೆಚ್ಚಾಗಿ ಮದ್ರಾಸಿನ ಸ್ಟುಡಿಯೋಗಳಲ್ಲಿ, ಕೆಲವೇ ಮೈಕುಗಳ ಮುಂದೆ, ಗಾಯಕರೂ ವಾದ್ಯದವರೂ ಒಟ್ಟಿಗೆ ನಿಂತು ರೆಕಾರ್ಡ್ ಮಾಡುತ್ತಿದ್ದರು. ಹಾಡು ಮುಂದೆ, ವಾದ್ಯ ಹಿಂದೆ. 78ರ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ ಅಷ್ಟೇ ಹಿಡಿಯುತ್ತಿದ್ದರಿಂದ ಹಾಡೂ ಅಷ್ಟಕ್ಕೇ ಮುಗಿಯುತ್ತಿತ್ತು. ಇಂಥ ಹಾಡನ್ನು ಮರದ ಪೆಟ್ಟಿಗೆಯ ರೇಡಿಯೋದಲ್ಲಿ ಹಾಕಿದರೆ ಒಂದು ಅಕ್ಷರವೂ ನಷ್ಟವಾಗುವುದಿಲ್ಲ. ಅದೇ ಸೆಟ್‌ನಲ್ಲಿ ಈಗಿನ ಹಾಡು ಹಾಕಿ. ಅದನ್ನು ಮಾಡಿದ್ದೇ ಎದೆ ಗುದ್ದುವ ಸ್ಪೀಕರಿಗೆ. ಇಲ್ಲಿ ಖಾಲಿ ಡಬ್ಬ ಬಡಿದ ಹಾಗೆ ಕೇಳಿಸುತ್ತದೆ. ಹೊಸ ಹಾಡು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನನ್ನ ಮಗಳು ಕಾರಿನಲ್ಲಿ ಹಾಕಿದಾಗ ಚೆನ್ನಾಗೇ ಇರುತ್ತದೆ. ಆದರೆ ನನ್ನ ಅಂಗಡಿಯಲ್ಲಿ ನಿಂತು "ಹಳೆ ಹಾಡೇ ಚಂದ" ಅನ್ನುವವರಲ್ಲಿ ಅರ್ಧ ಜನ ಹೊಗಳುವುದು ಹಾಡನ್ನಲ್ಲ, ಹಾಡೂ ಪೆಟ್ಟಿಗೆಯೂ ಹೊಂದಿಕೊಂಡದ್ದನ್ನು.

ಭಾವಗೀತೆಗೂ ಇದೇ ಮಾತು. ಮಲೆನಾಡಿನವರಿಗೆ ಭದ್ರಾವತಿಯಲ್ಲಿ ಭಾವಗೀತೆ ಕೇಳುವುದು ಮನೆಯವರ ದನಿ ಕೇಳಿದ ಹಾಗೆ. ಬರೆದ ಕುವೆಂಪು ಕುಪ್ಪಳಿಯವರು, ಜಿ.ಎಸ್. ಶಿವರುದ್ರಪ್ಪ ಶಿಕಾರಿಪುರದ ಈಸೂರಿನವರು, ಲಕ್ಷ್ಮೀನಾರಾಯಣ ಭಟ್ಟರು ಶಿವಮೊಗ್ಗದವರು. ಹಾಡಿದ ಶಿವಮೊಗ್ಗ ಸುಬ್ಬಣ್ಣ ನಮ್ಮ ಪಕ್ಕದ ಹೊಸನಗರ ತಾಲ್ಲೂಕಿನ ನಗರದವರು, ಹಿನ್ನೆಲೆ ಗಾಯನಕ್ಕೆ ರಾಷ್ಟ್ರ ಪ್ರಶಸ್ತಿ ಪಡೆದ ಮೊದಲ ಕನ್ನಡಿಗ. 2022ರಲ್ಲಿ ಅವರು ತೀರಿಕೊಂಡ ಸುದ್ದಿ ಬಂದ ದಿನ ಅಂಗಡಿಗೆ ಬಂದ ಮೇಷ್ಟ್ರೊಬ್ಬರು ಮಿಕ್ಸಿ ಕೊಡುವುದನ್ನೇ ಮರೆತು ಅರ್ಧ ಗಂಟೆ ಕೂತಿದ್ದರು.

ಕೋರಿಕೆ ಕಾರ್ಯಕ್ರಮದ ಬಗ್ಗೆ ಹೇಳದಿದ್ದರೆ ಚಿಕ್ಕಮ್ಮ ಬೈಯುತ್ತಾಳೆ. ಎಂಬತ್ತರ ದಶಕದಲ್ಲಿ ಪೋಸ್ಟ್ ಕಾರ್ಡಿಗೆ 15 ಪೈಸೆ. ಚಿಕ್ಕಮ್ಮ ವಾರಕ್ಕೆರಡು ಕಾರ್ಡು ಬರೆಯುತ್ತಿದ್ದಳು. ಕೆಳಗೆ ಮನೆಯವರೆಲ್ಲರ ಹೆಸರು. ಹೆಸರು ಜಾಸ್ತಿ ಇದ್ದರೆ ಹಾಡು ಬೇಗ ಹಾಕುತ್ತಾರೆ ಎಂಬುದು ಅವಳ ನಂಬಿಕೆ. ಒಮ್ಮೆ ಹೆಸರು ಸಾಲದೆ ಕೊಟ್ಟಿಗೆಯ ಗೌರಿಯನ್ನೂ ಸೇರಿಸಿದಳು. ಎರಡು ವಾರದ ಮೇಲೆ ಮಧ್ಯಾಹ್ನ ಊಟದ ಹೊತ್ತಿಗೆ ನಮ್ಮ ಹೆಸರೆಲ್ಲ ಒಂದೊಂದಾಗಿ ಬಂದವು. ಕೊನೆಯಲ್ಲಿ "ಮತ್ತು ಗೌರಿ." ಅಜ್ಜ ಅನ್ನದ ಕೈಯಲ್ಲೇ ಎದ್ದು ಕೊಟ್ಟಿಗೆ ಕಡೆ ನೋಡಿದರು. ಆ ದಿನ ಹಾಕಿದ ಹಾಡು ಯಾವುದು ಅಂತ ಕೇಳಿದರೆ ಮನೆಯಲ್ಲಿ ಯಾರಿಗೂ ನೆನಪಿಲ್ಲ.

ಆಮೇಲಿನದ್ದು ನಿಮಗೂ ಗೊತ್ತಿರುವುದೇ. ಕ್ಯಾಸೆಟ್ ಬಂತು, ಟಿವಿ ಬಂತು, ಸಿಡಿ ಬಂದು ಹೋಯಿತು, ಮೊಬೈಲ್ ಬಂತು. 2001ರಲ್ಲಿ ಬೆಂಗಳೂರಿನಲ್ಲಿ ಖಾಸಗಿ ಎಫ್ಎಂ ಶುರುವಾದಾಗ ಅಲ್ಲಿಂದ ಬಂದ ನೆಂಟರು ರೇಡಿಯೋ ಅಂದರೆ ಈಗ ಹೀಗೆ ಅಂತ ಜೋರಾಗಿ ಮಾತಾಡಿ ತೋರಿಸಿದ್ದರು. ಒಂದೊಂದು ಬಂದಾಗಲೂ ಅಪ್ಪ "ಇನ್ನು ಅಂಗಡಿ ಮುಚ್ಚಬೇಕು" ಅನ್ನುತ್ತಿದ್ದರು. ಮುಚ್ಚಲಿಲ್ಲ. ಮಿಕ್ಸಿ ಕೈಹಿಡಿಯಿತು.

ನನಗೆ ನಗು ಬರುವುದು ಕೇಸ್ಕರ್ ಅವರನ್ನು ನೆನೆದಾಗ. ರುಚಿ ಕೆಡುತ್ತದೆ ಅಂತ ಯಾವ ಹಾಡನ್ನು ಹೊರಗಿಟ್ಟರೋ, ಈಗ ಅದೇ ಕಾಲದ ಹಾಡು ಕೇಳುವವರನ್ನು ಒಳ್ಳೆ ರುಚಿಯವರು ಅನ್ನುತ್ತಾರೆ. ಅದೂ ಅವರದೇ ಆಕಾಶವಾಣಿಯಲ್ಲಿ.

ಉತ್ತರ ಹೇಳಿದ ಮೇಲೆ ಎರಡನೇ ಪ್ರಶ್ನೆ ಬಂದೇ ಬರುತ್ತದೆ. "ನಮ್ಮನೇಲೂ ಒಂದು ಹಳೆ ರೇಡಿಯೋ ಇದೆ ಅಣ್ಣಾ. ಹಾಕಿದ್ರೆ ಬರೀ ಬರ್‍ರ್ ಅನ್ನುತ್ತೆ. ಕೆಟ್ಟಿದ್ಯಾ?"

ಹೆಚ್ಚಿನ ಸಲ ಕೆಟ್ಟಿರುವುದಿಲ್ಲ. ಆ ಸದ್ದು ನಿಮ್ಮ ಮನೆಯದೇ. ಅಗ್ಗದ ಎಲ್ಇಡಿ ಬಲ್ಬು, ಮೊಬೈಲ್ ಚಾರ್ಜರು, ಇನ್ವರ್ಟರು, ಟಿವಿಯ ಪೆಟ್ಟಿಗೆ, ಎಲ್ಲವೂ ಮೀಡಿಯಂ ವೇವ್ ಜಾಗದಲ್ಲಿ ಗಲಾಟೆ ಮಾಡುತ್ತವೆ. ಸೆಕೆಂಡಿಗೊಮ್ಮೆ ಟಕ್ ಟಕ್ ಅನ್ನುತ್ತಿದ್ದರೆ ಅದು ತೋಟದ ಐಬೆಕ್ಸ್ ಬೇಲಿ, ಎಲ್ಲೋ ಸೊಪ್ಪು ತಾಗುತ್ತಿದೆ ಅಂತ ಅರ್ಥ. ಹೋಗಿ ಸವರಿ ಬನ್ನಿ, ಎರಡೂ ಸರಿಹೋಗುತ್ತದೆ. ರೇಡಿಯೋವನ್ನು ಕರೆಂಟಿಗೆ ಸಿಕ್ಕಿಸದೆ ಸೆಲ್ ಹಾಕಿ. ಗೋಡೆಯಿಂದ ದೂರ, ಜಗಲಿಗೆ ತನ್ನಿ. ನಿಧಾನಕ್ಕೆ ಒಂದು ಸುತ್ತು ತಿರುಗಿಸಿ.

ಅದಕ್ಕೂ ಬರದಿದ್ದರೆ ಮಳೆಗಾಲದವರೆಗೆ ಕಾಯಿರಿ. ಜುಲೈನಲ್ಲಿ ಎಲ್ಲೋ ಒಂದು ಮರ ಲೈನಿನ ಮೇಲೆ ಬಿದ್ದು ಎರಡು ದಿನ ಕರೆಂಟ್ ಹೋಗೇ ಹೋಗುತ್ತದೆ. ಸುತ್ತಮುತ್ತ ಒಂದು ಬಲ್ಬೂ ಉರಿಯುತ್ತಿರುವುದಿಲ್ಲ, ಮೊಬೈಲ್ ಟವರೂ ಸತ್ತಿರುತ್ತದೆ. ಆಗ ಬೆಳಗ್ಗೆ ಹಾಕಿ. ಸೆಲ್ ಮಾತ್ರ ಮೊದಲೇ ತಂದಿಟ್ಟುಕೊಳ್ಳಿ. ಆ ಎರಡು ದಿನ ನನ್ನ ಅಂಗಡಿಯಲ್ಲಿ ಸಿಗುವುದಿಲ್ಲ, ಎಲ್ಲರೂ ಒಟ್ಟಿಗೇ ಬರುತ್ತಾರೆ.